ಸಂಶೋಧನೆಗೆ ಬೀಜಧನ: ಏನು, ಯಾಕೆ?



ಬರುವ ವಾರ್ಷಿಕ ಸರ್ವಸಾಧಾರಣ ಸಭೆಯ ವಿಷಯಪಟ್ಟಿಯಲ್ಲಿ ಹೊಸ ಬಾಬೊಂದು ಸೇರಿದೆ. ಈ ಸಾಲಿನ ಲಾಭದಲ್ಲಿ ಸಣ್ಣ ಮೊತ್ತವೊಂದನ್ನು ಅಡಿಕೆಯ ಎಲೆಚುಕ್ಕೆ ರೋಗದ ಅಧ್ಯಯನಕ್ಕೆಂದು ವಿಶ್ವವಿದ್ಯಾಲಯಕ್ಕೆ ಬೀಜಧನವಾಗಿ ಕೊಡಬೇಕೆಂಬುದು ಆಡಳಿತ ಮಂಡಳಿಯ ಸೂಚನೆ. ಪಟ್ಟಿ ಕೈಸೇರಿದಂದಿನಿಂದ ಕಛೇರಿಗೆ ಬಂದವರೆಲ್ಲ ಕೇಳುವುದು ಒಂದೇ: ನಮ್ಮ ಡಿವಿಡೆಂಡ್ ಕಡಿದು ಪ್ರೊಫೆಸರರಿಗೆ ಯಾಕೆ ಕೊಡಬೇಕು, ಅದು ಸರ್ಕಾರದ ಕೆಲಸವಲ್ಲವೆ? ಪ್ರಶ್ನೆ ನ್ಯಾಯವಾದದ್ದೇ.

ದೊಡ್ಡ ಅನುದಾನ ಬೇಕಾದರೆ ಸಂಶೋಧಕರು ಮೊದಲು ಒಂದಿಷ್ಟು ಫಲಿತಾಂಶ ತೋರಿಸಬೇಕು. ಆ ಫಲಿತಾಂಶಕ್ಕೇ ಹಣ ಬೇಕು: ಓಡಾಟ, ಮಣ್ಣಿನ ಪರೀಕ್ಷೆ, ಹುಡುಗನೊಬ್ಬನ ಒಂದು ವರ್ಷದ ಸಂಬಳ. ಈ ಗಂಟನ್ನು ಬಿಡಿಸುವ ಮೊದಲ ಸಣ್ಣ ಹಣವೇ ಬೀಜಧನ. ವಿಷಯವು ಎರಡು ಮೂರು ಶಾಸ್ತ್ರಗಳ ನಡುವೆ ಬಿದ್ದರಂತೂ ಕಷ್ಟ ಇನ್ನೂ ಹೆಚ್ಚು. ರೋಗಶಾಸ್ತ್ರಕ್ಕೆ ಅದರದೇ ಹಣ, ಮಣ್ಣುಶಾಸ್ತ್ರಕ್ಕೆ ಅದರದೇ ಹಣ, ನಡುವಿನ ಬೇಲಿಗೆ ಯಾರೂ ದಿಕ್ಕಿಲ್ಲ.

ಹಿಂದಿನ ಒಂದು ಉದಾಹರಣೆ ಹೇಳುತ್ತೇವೆ. 1975ರಲ್ಲಿ ಉತ್ತರ ಕನ್ನಡದ ಬಿದಿರು ಯಾಕೆ ಕಡಿಮೆಯಾಗುತ್ತಿದೆಯೆಂದು ನೋಡುವ ಕೆಲಸ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರಿಗೆ ಬಂತು. ಒಂದೆಡೆ ಕಾಗದದ ಕಾರ್ಖಾನೆ, ಇನ್ನೊಂದೆಡೆ ಬುಟ್ಟಿ ಹೆಣೆಯುವವರು. ಅರಣ್ಯ ಇಲಾಖೆಯ ಲೆಕ್ಕ ಬೇರೆ. ಬಿದಿರು ಚೆನ್ನಾಗಿ ಬರಲೆಂದು ಹಿಂಡಲಿನ ಬುಡದ ಮುಳ್ಳು ಸವರುವ ಪದ್ಧತಿ ಆಗ ಇತ್ತು. ಮುಳ್ಳು ತೆಗೆದರೆ ದನ ಕಳಲೆ ತಿನ್ನುತ್ತದೆಯೆಂದು ಹಳ್ಳಿಯವರು ಹೇಳಿದರು. ಅಳೆದು ನೋಡಿದಾಗ ಹಳ್ಳಿಯವರ ಮಾತೇ ಸರಿಯಾಯಿತು. ಗಾಡ್ಗೀಳ್ ಮತ್ತು ಎಸ್. ಎನ್. ಪ್ರಸಾದರ ವರದಿಯನ್ನು ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1981ರಲ್ಲಿ ಪ್ರಕಟಿಸಿತು. ಆ ಮಂಡಳಿಯೂ 1975ರಲ್ಲೇ ಹುಟ್ಟಿದ್ದು. ಸಸ್ಯ, ದನ, ಕಾರ್ಖಾನೆ, ಬುಟ್ಟಿ ಇವನ್ನು ಒಟ್ಟಿಗೆ ನೋಡದಿದ್ದರೆ ಮುಳ್ಳಿನ ಸಂಗತಿ ಯಾರ ಕಡತಕ್ಕೂ ಸೇರುತ್ತಿರಲಿಲ್ಲ.

ಒಟ್ಟಿಗೆ ನೋಡದಿದ್ದರೆ ಏನಾಗುತ್ತದೆ? ಅಡಿಕೆ ಬಾಕಿಯ ಕೆಲಸಕ್ಕಾಗಿ ನಾವು ರೋಣಕ್ಕೆ ಹೋಗಿದ್ದಾಗ (ಬಾಕಿ ಅರ್ಧವೇ ಬಂತು, ಅದು ಬೇರೆ ಮಾತು) ಅಲ್ಲಿಯ ಎರೆಹೊಲಗಳನ್ನು ಕಂಡೆವು. ಘಟ್ಟದ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯನ್ನು ನವಿಲುತೀರ್ಥದಲ್ಲಿ ಕಟ್ಟಿ, ಕಾಲುವೆಯಲ್ಲಿ ನರಗುಂದ, ರೋಣದ ಕಡೆಗೆ ಹರಿಸಿದ್ದಾರೆ. ಎರೆಮಣ್ಣು ನೀರು ಹಿಡಿಯುವ ಮಣ್ಣು. ಬಸಿಗಾಲುವೆ ಇಲ್ಲದಿದ್ದರೆ ಜೌಗು, ಸವಳು. ಇತ್ತ ಜಮೀನಿನ ಬೆಲೆ ಏರಿತೆಂದು ಸುಧಾರಣಾ ಕರ. 1980ರ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರು ಎದ್ದರು, ಗೋಲಿಬಾರಿನಲ್ಲಿ ಜೀವಗಳು ಹೋದವು. ಕಾರಣಗಳು ಹಲವು ಇದ್ದವು. ಆದರೂ ಇಂಜಿನಿಯರು, ಮಣ್ಣುತಜ್ಞ, ಕಂದಾಯದವರು ಮೊದಲೇ ಒಂದು ವರ್ಷ ರೈತರ ಜೊತೆ ಕೂತಿದ್ದರೆ ಎಷ್ಟೋ ಸಂಕಟ ತಪ್ಪುತ್ತಿತ್ತು ಎಂಬುದು ನಮ್ಮ ಅಭಿಪ್ರಾಯ.

ಈಗ ನಮ್ಮ ಎಲೆಚುಕ್ಕೆ. ಅದು ಶಿಲೀಂಧ್ರವೆಂದು ಎಲ್ಲರಿಗೂ ಗೊತ್ತು. ಆದರೆ ಒಂದೇ ಕಣಿವೆಯಲ್ಲಿ ಒಬ್ಬರ ತೋಟ ಕೆಂಪಾಗಿ, ಪಕ್ಕದವರದು ಹಸಿರಾಗಿ ಉಳಿಯುವುದೇಕೆ? ಪೊಟ್ಯಾಷಿನ ಕೊರತೆಯೆ, ಬಸಿಗಾಲುವೆಯೆ, ನಡುವೆ ಹಾಕಿದ ಕಾಫಿಯಿಂದ ತೇವ ಹೆಚ್ಚಿತೆ? ಎಕರೆ ತೋಟಕ್ಕೆ 9 ಎಕರೆವರೆಗೂ ಬಿಟ್ಟುಕೊಟ್ಟಿದ್ದ ಸೊಪ್ಪಿನಬೆಟ್ಟ ಬೋಳಾಗಿರುವುದಕ್ಕೂ ಇದಕ್ಕೂ ಸಂಬಂಧವಿದೆಯೆ? ಆಳು ಸಿಗದೆ ಸಿಂಪರಣೆ ತಡವಾದದ್ದೆ? ಇವೆಲ್ಲ ಒಬ್ಬನೇ ವಿಜ್ಞಾನಿಗೆ ನಿಲುಕುವ ಪ್ರಶ್ನೆಗಳಲ್ಲ.

ಹಣ ಕೊಟ್ಟ ಮಾತ್ರಕ್ಕೆ ಔಷಧ ಸಿಗುತ್ತದೆಂದು ನಾವು ಹೇಳುವುದಿಲ್ಲ. ಬಿತ್ತಿದ ಗೋಟೆಲ್ಲ ಸಸಿಯಾಗುವುದಿಲ್ಲ. ಎರಡು ಷರತ್ತು ಮಾತ್ರ ಹಾಕಲಿದ್ದೇವೆ: ವರದಿ ಕನ್ನಡದಲ್ಲಿರಬೇಕು, ಮೊದಲು ಸದಸ್ಯರ ಮುಂದೆ ಓದಬೇಕು. ಅಲ್ಲಿಯವರೆಗೆ ಈಗಿನ ಶಿಫಾರಸಿನ ಸಿಂಪರಣೆ ನಿಲ್ಲಿಸಬೇಡಿ.

ಠರಾವು ಆಗಲಿ, ಬಿಡಲಿ, ಸಿಂಪರಣೆಯ ತಾರೀಖು, ಗೊಬ್ಬರದ ಲೆಕ್ಕ, ಮಳೆಯ ಅಳತೆ ಬರೆದಿಟ್ಟವರು ಆ ಪುಸ್ತಕವನ್ನು ಸಭೆಗೆ ತರಬೇಕಾಗಿ ವಿನಂತಿ. ನಕಲು ಮಾಡಿಕೊಂಡು ಅಂದೇ ಹಿಂತಿರುಗಿಸುತ್ತೇವೆ.