ಜಾರಿದ್ದು ಕಾಲು ಮಾತ್ರವೇ?

ಆಷಾಢದ ಬೆಳಗಿನ ಜಾವ. ಶಿರಾಲಿ ಕಡೆಯ ಒಂದು ಮನೆ. ಎಪ್ಪತ್ತು ದಾಟಿದ ಅಜ್ಜಿಗೆ ಮೂತ್ರಕ್ಕೆಂದು ಎಚ್ಚರವಾಗುತ್ತದೆ. ಲೈಟು ಹಾಕಿದರೆ ಮಲಗಿದವರ ನಿದ್ದೆ ಕೆಟ್ಟೀತೆಂದು ಕತ್ತಲಲ್ಲೇ ಎದ್ದು, ಹಿತ್ತಿಲ ಬಾಗಿಲು ತೆಗೆದು, ಹಾವಸೆ ಕಟ್ಟಿದ ಚಿರೆಕಲ್ಲಿನ ಮೆಟ್ಟಿಲ ಮೇಲೆ ಕಾಲಿಡುತ್ತಾರೆ. ಮುಂದಿನದು ಕರಾವಳಿಯಲ್ಲಿ ಹೇಳಬೇಕಾಗಿಲ್ಲದ ಕತೆ. ನೋಡಲು ಬಂದವರಿಗೆಲ್ಲ ಒಂದೇ ಉತ್ತರ: “ಕಾಲು ಜಾರ್ತು.”

ಅದೇ ಮೆಟ್ಟಿಲ ಮೇಲೆ ಮೊಮ್ಮಗಳ ಕಾಲೂ ಜಾರುತ್ತದೆ. ಅವಳು ಓಲಾಡಿ ನಿಂತುಬಿಡುತ್ತಾಳೆ. ಅಜ್ಜಿಗೇಕೆ ಆಗಲಿಲ್ಲ?

ನೆಟ್ಟಗೆ ನಿಲ್ಲಲು ಮಿದುಳಿಗೆ ಮೂರು ಕಡೆಯಿಂದ ಸುದ್ದಿ ಬರಬೇಕು: ಕಣ್ಣು, ಒಳಕಿವಿ, ಅಂಗಾಲು ಮತ್ತು ಕೀಲುಗಳು. ವಯಸ್ಸಾದಂತೆ ಕಣ್ಣಿಗೆ ಪೊರೆ ಬರುತ್ತದೆ, ಒಳಕಿವಿಯ ಸೂಕ್ಷ್ಮ ಕೋಶಗಳು ಕಡಿಮೆಯಾಗುತ್ತವೆ. ಹಳೆಯ ಸಕ್ಕರೆ ಕಾಯಿಲೆಯಿದ್ದರೆ ಅಂಗಾಲು ಜೋಮು ಹಿಡಿದು, ನೆಲ ಒದ್ದೆಯೋ ಒಣಗಿದೆಯೋ ತಿಳಿಯುವುದಿಲ್ಲ. ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ, ನಿಜ. ಆದರೆ ಕತ್ತಲಲ್ಲಿ ಕಣ್ಣೂ ಕೈಕೊಟ್ಟರೆ ಉಳಿಯುವುದೇನು?

ಇನ್ನು ರಕ್ತದ ಲೆಕ್ಕ. ಮಲಗಿದವರು ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆ, ಕಾಲುಗಳ ಕಡೆ ಇಳಿಯುತ್ತದೆ. ಕುತ್ತಿಗೆಯ ರಕ್ತನಾಳದಲ್ಲಿರುವ ಒತ್ತಡದ ಕಾವಲುಗಾರರು ಇದನ್ನು ಗುರುತಿಸಿ, ನಾಳಗಳನ್ನು ಬಿಗಿಗೊಳಿಸಿ, ಎದೆಬಡಿತ ಏರಿಸುತ್ತಾರೆ. ಮುಪ್ಪಿನಲ್ಲಿ ಈ ಕೆಲಸ ನಿಧಾನ. ನಿಂತ ಮೂರು ನಿಮಿಷದೊಳಗೆ ಬಿಪಿಯ ಮೇಲಿನ ಅಂಕಿ 20 ಅಥವಾ ಅದಕ್ಕೂ ಹೆಚ್ಚು ಇಳಿದರೆ ತಲೆ ತಿರುಗೀತು, ಕಣ್ಣು ಕತ್ತಲೆಗಟ್ಟೀತು. ಬಿಪಿ, ಪ್ರಾಸ್ಟೇಟ್, ನಿದ್ದೆಯ ಮಾತ್ರೆಗಳಲ್ಲಿ ಕೆಲವು ಇದನ್ನು ಹೆಚ್ಚಿಸುತ್ತವೆ. ಸಾಲದ್ದಕ್ಕೆ, ವಯಸ್ಸಾದವರಿಗೆ ಬಾಯಾರಿಕೆಯೇ ಕಡಿಮೆ. ರಾತ್ರಿ ಏಳಬೇಕಾದೀತೆಂಬ ಹೆದರಿಕೆಗೆ ಸಂಜೆಯಿಂದಲೇ ನೀರು ಬಿಡುವವರೂ ಇದ್ದಾರೆ. ಬೀಳಬಾರದೆಂದು ಮಾಡಿದ ಉಪಾಯವೇ ರಕ್ತದೊತ್ತಡ ಇಳಿಸಿ ಬೀಳಿಸುತ್ತದೆ.

ಜಾರಿದ ಮೇಲೂ ಬಚಾವಾಗಬಹುದು, ತೊಡೆ ಥಟ್ಟನೆ ಇನ್ನೊಂದು ಹೆಜ್ಜೆ ಇಟ್ಟರೆ. ಸ್ನಾಯುವಿನಲ್ಲಿ ಬೇಗ ಸೆಳೆಯುವ ಎಳೆಗಳೇ ಮುಪ್ಪಿನಲ್ಲಿ ಹೆಚ್ಚು ಸೊರಗುತ್ತವೆ. ಹಲ್ಲು ಹೋಯಿತೆಂದು ಬರೀ ಗಂಜಿ, ಉಪ್ಪಿನಕಾಯಿಗೆ ಇಳಿದವರಲ್ಲಿ ಪ್ರೋಟೀನು ಸಾಲದೆ ಈ ಸೊರಗು ಇನ್ನೂ ಚುರುಕು. ಗಂಜಿ ಬಿಡಬೇಕಿಲ್ಲ, ಜೊತೆಗೆ ಬೇಯಿಸಿದ ಹೆಸರುಕಾಳು, ಮೀನು ಅಥವಾ ಮೊಟ್ಟೆ ಇರಲಿ.

ಬಿದ್ದ ಪೆಟ್ಟನ್ನು ತಾಳುವುದು ಮೂಳೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಟೊಳ್ಳಾಗುತ್ತದೆ. ಸೊಂಟದ ಕೀಲಿನ ಬಳಿ ತೊಡೆಮೂಳೆ ಮುರಿದರೆ ಒಂದೆರಡು ದಿನದೊಳಗೆ ಆಪರೇಷನ್ ಆಗುವುದು ಒಳ್ಳೆಯದು. ತಡವಾದಷ್ಟೂ ನ್ಯುಮೋನಿಯಾ, ಹಾಸಿಗೆ ಹುಣ್ಣು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಆದರೆ ದೊಡ್ಡ ಕಾಯಿಲೆಗೆ ಇಲ್ಲಿಯವರು ದೂರದ ಮಣಿಪಾಲ, ಮಂಗಳೂರಿನ ದಾರಿ ಹಿಡಿಯುತ್ತಾರೆ. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು 2022ರಲ್ಲಿ ಜೋರಾಗಿ ಎದ್ದದ್ದು ಸುಮ್ಮನೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6.84 ಲಕ್ಷ ಜನ ಬಿದ್ದು ಸಾಯುತ್ತಾರೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಕೂತು, ಕೈ ಎದೆಗೆ ಕಟ್ಟಿಕೊಂಡು, ಐದು ಸಲ ಎದ್ದು ಕೂರಬೇಕು, ಪಕ್ಕದಲ್ಲಿ ಒಬ್ಬರಿರಲಿ. 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕುಂದಿದೆ ಎಂದು ಲೆಕ್ಕ. ಅಚ್ಚರಿಯೆಂದರೆ, ದಿನವೂ ಹೀಗೆ ಎದ್ದು ಕೂರುವುದೇ ಅದಕ್ಕೆ ಒಳ್ಳೆಯ ಕಸರತ್ತು ಕೂಡ.

ಏಳುವಾಗ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಎದ್ದರೆ ರಕ್ತ ತಲೆಗೇರಲು ಸಮಯ ಸಿಗುತ್ತದೆ. ದಾರಿಗೊಂದು ಸಣ್ಣ ದೀಪ ಉರಿಯಲಿ. ಮಳೆಗಾಲದ ಅಂಗಳಕ್ಕೆ ಅಡಿಕೆ ದಬ್ಬೆ ಹಾಸುವ ನಮ್ಮ ಹಳೆಯ ರೂಢಿಯೂ ಬಿಡಬೇಕಾದದ್ದಲ್ಲ.

ಬಿದ್ದದ್ದನ್ನು ನಾಚಿಕೆಗೆ ಮುಚ್ಚಿಡುವವರೇ ಹೆಚ್ಚು. ಇನ್ನೊಮ್ಮೆ ಯಾರಾದರೂ “ಕಾಲು ಜಾರ್ತು” ಅಂದರೆ ಹಾವಸೆ ಕೆರೆಯಿರಿ. ಆಮೇಲೆ ಅವರು ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಡಾಕ್ಟರ ಬಳಿ ಕರೆದುಕೊಂಡು ಹೋಗಿ, “ಕೂತಾಗಿನ ಬಿಪಿ ಆಯ್ತು, ನಿಂತಾಗಿನದ್ದೂ ಒಮ್ಮೆ ನೋಡಿ” ಎಂದು ಕೇಳಿ.