ಗೇಮ್ ಪ್ರೋಗ್ರಾಮಿಂಗ್ ಕಲಿಯಲು ಲಕ್ಷ ರೂಪಾಯಿಯ ಲ್ಯಾಪ್‌ಟಾಪ್ ಬೇಕೇ? ಇಲ್ಲಿದೆ ಸತ್ಯಾಂಶ

“ಗೇಮ್ ಪ್ರೋಗ್ರಾಮಿಂಗ್ ಕಲಿಯಲು ಗೇಮಿಂಗ್ ಲ್ಯಾಪ್‌ಟಾಪ್ ಇರಲೇಬೇಕು.” ಪಿಯುಸಿ ಮುಗಿಯುವ ಹೊತ್ತಿಗೆ ವಾಟ್ಸಾಪ್‌ನಲ್ಲಿ ಇಂಥ ಮಾತು ಹರಿದಾಡುತ್ತದೆ. ಔರಾದ್ ತಾಲೂಕಿನ ಎಕಂಬಾದಿಂದ ಭಾಲ್ಕಿಗೋ ಬೀದರ್‌ಗೋ ಓದಲು ಹೊರಟವರ ಮನೆಯಲ್ಲಿ ಇದು ತೊಗರಿ ಮಾರಿ ಕೂಡಿಟ್ಟ ಹಣದ ಪ್ರಶ್ನೆ. ಹಾಗಾದರೆ ಇದು ಎಷ್ಟು ನಿಜ? ನಾವು ಪರಿಶೀಲಿಸಿದ್ದೇವೆ.

ಸತ್ಯವೇನು?

ಹೇಳಿಕೆ ಭಾಗಶಃ ಮಾತ್ರ ನಿಜ. ಆರಂಭದಲ್ಲಿ ಕಲಿಯುವುದು ಸಿ, ಸಿ++ನಂಥ ಭಾಷೆ ಮತ್ತು ಗಣಿತ. ಇದಕ್ಕೆ ಸಾಮಾನ್ಯ ಲ್ಯಾಪ್‌ಟಾಪ್ ಸಾಕು. ಉಚಿತವಾಗಿ ಸಿಗುವ ಗೊಡಾಟ್ ಎಂಜಿನ್‌ನಲ್ಲಿ ಸರಳ ಗೇಮ್ ಮಾಡಲು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. 8 ಜಿಬಿ ರ‍್ಯಾಮ್ ಇದ್ದರೆ ಆರಾಮಾಗಿ ನಡೆಯುತ್ತದೆ.

ಆದರೆ ದೊಡ್ಡ ತ್ರೀಡಿ ಗೇಮ್‌ಗಳ ಅನ್‌ರಿಯಲ್ ಎಂಜಿನ್ 5ರ ಮಾತು ಬೇರೆ. ಅದಕ್ಕೆ ತಯಾರಕರ ಶಿಫಾರಸು 32 ಜಿಬಿ ರ‍್ಯಾಮ್, 8 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್.

ಕೊಳ್ಳುವ ಮುನ್ನ

* ಯಾವ ಎಂಜಿನ್ ಕಲಿಸುತ್ತಾರೆ, ಲ್ಯಾಬ್‌ನಲ್ಲಿ ಏನಿದೆ ಎಂದು ಕಾಲೇಜಿನಲ್ಲಿ ಕೇಳಿ.
* 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇರುವುದು ಒಳ್ಳೆಯದು.
* ಮುಂದೆ ರ‍್ಯಾಮ್ ಹೆಚ್ಚಿಸಬಹುದೇ ನೋಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದು ಬೋರ್ಡಿಗೇ ಬೆಸೆದಿರುತ್ತದೆ. ಗ್ರಾಫಿಕ್ಸ್ ಕಾರ್ಡ್ ಅಂತೂ ಸಾಮಾನ್ಯವಾಗಿ ಬದಲಿಸಲಾಗದು.
* ಗೇಮಿಂಗ್ ಲ್ಯಾಪ್‌ಟಾಪ್ ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಬ್ಯಾಟರಿ ಮೇಲೆ ವೇಗವೂ ಇಳಿಯುತ್ತದೆ. ಕರೆಂಟ್ ಹೋಗಿ ಬರುವ ಊರಲ್ಲಿ ಇದು ಸಣ್ಣ ವಿಷಯವಲ್ಲ.

ತೀರ್ಮಾನ

ಮೊದಲ ವರ್ಷಕ್ಕೇ ಸಾಲ ಮಾಡಿ ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳಬೇಕಿಲ್ಲ. ಅಂಥ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ: “ಯಾವ ಎಂಜಿನ್‌ಗೆ?”