ಶಿಕ್ಷಕರ ಸಮೂಹ ಕೇಂದ್ರ: ಕಲಿಸುವವರ ಕಲಿಕೆಗೆ ನೆಲೆ

ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ಏಕಕಾಲದಲ್ಲಿ ನಿರ್ವಹಿಸುವ ಗ್ರಾಮೀಣ ಶಾಲೆಗಳು ಇಂದಿಗೂ ಇವೆ. ಬೋಧನೆಯಲ್ಲಿ ತೊಡಕು ಎದುರಾದಾಗ ಸಮಾಲೋಚಿಸಲು ಅಲ್ಲಿ ಸಹೋದ್ಯೋಗಿಗಳಿರುವುದಿಲ್ಲ. ಇದರ ನಷ್ಟ ಮಕ್ಕಳಿಗೆ. ಈ ಕೊರತೆಯನ್ನು ನೀಗುವುದೇ ಸಮೂಹ ಸಂಪನ್ಮೂಲ ಕೇಂದ್ರಗಳ ಉದ್ದೇಶ.

1980ರ ದಶಕದಲ್ಲಿ ಬ್ರಿಟನ್ನಿನ ನೆರವಿನಿಂದ ಆರಂಭವಾದ ಆಂಧ್ರಪ್ರದೇಶ ಪ್ರಾಥಮಿಕ ಶಿಕ್ಷಣ ಯೋಜನೆಯು, ನೆರೆಹೊರೆಯ ಶಾಲೆಗಳ ಶಿಕ್ಷಕರು ಒಂದೆಡೆ ಸೇರಿ ಅನುಭವ ಹಂಚಿಕೊಳ್ಳಲು ಶಿಕ್ಷಕರ ಕೇಂದ್ರಗಳನ್ನು ಸ್ಥಾಪಿಸಿತು. 1994ರಲ್ಲಿ ಪ್ರಾರಂಭವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮವು ಇಂತಹ ವ್ಯವಸ್ಥೆಯನ್ನು ಕರ್ನಾಟಕವೂ ಸೇರಿದಂತೆ ಅನೇಕ ರಾಜ್ಯಗಳಿಗೆ ವಿಸ್ತರಿಸಿತು. ಅದರ ವೆಚ್ಚದಲ್ಲಿ ಶೇ. 85ರಷ್ಟನ್ನು ಕೇಂದ್ರವೂ ಶೇ. 15ರಷ್ಟನ್ನು ರಾಜ್ಯಗಳೂ ಭರಿಸಿದವು. ಬೋಧನೋಪಕರಣಗಳಿಗಾಗಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 500 ರೂಪಾಯಿ ನೀಡಲಾಗುತ್ತಿತ್ತು. 2018ರಲ್ಲಿ ಜಾರಿಗೆ ಬಂದ ಸಮಗ್ರ ಶಿಕ್ಷಣ ಯೋಜನೆಯಡಿ ಆಂಧ್ರಪ್ರದೇಶ ಹಾಗೂ ಕರ್ನಾಟಕಗಳಿಗೆ ಈ ಅನುಪಾತ 60:40 ಆಗಿದೆ.

ಹಣ ಒದಗಿದ ಮಾತ್ರಕ್ಕೆ ಕೇಂದ್ರ ಸಜೀವವಾಗದು. ಮಾಸಿಕ ಸಮಾಲೋಚನಾ ಸಭೆಯು ಸುತ್ತೋಲೆ ಓದುವುದಕ್ಕೂ ಅಂಕಿ-ಅಂಶ ಸಂಗ್ರಹಿಸುವುದಕ್ಕೂ ಸೀಮಿತವಾದರೆ ಶಿಕ್ಷಕರ ಆಸಕ್ತಿ ಕುಂದುತ್ತದೆ. ಚರ್ಚೆಯ ವಿಷಯವನ್ನು ಶಿಕ್ಷಕರೇ ಮುಂಚಿತವಾಗಿ ಸೂಚಿಸಬೇಕು. ಭಿನ್ನರಾಶಿಯಂತಹ ಕಠಿಣ ಪಾಠವನ್ನು ಒಬ್ಬರು ಮಾದರಿಯಾಗಿ ಬೋಧಿಸಿ, ಉಳಿದವರು ವಿಮರ್ಶಿಸಬೇಕು. ಮುಂದಿನ ಸಭೆಯಲ್ಲಿ ಅದರ ಫಲಿತಾಂಶವನ್ನು ಪರಿಶೀಲಿಸಬೇಕು. ಪ್ರಯಾಣ ಭತ್ಯೆ ಹಾಗೂ ಸಾಮಗ್ರಿಗಳ ಅನುದಾನವು ವರ್ಷಾರಂಭದಲ್ಲಿಯೇ ಕೈಸೇರಬೇಕು.

2017ರಲ್ಲಿ ಆರಂಭವಾದ ದೀಕ್ಷಾ ವೇದಿಕೆಯು ಪಾಠ ಸಾಮಗ್ರಿಗಳನ್ನು ಗಣಕಜಾಲದ ಮೂಲಕ ಒದಗಿಸುತ್ತಿದೆ. ಆದರೆ ತರಗತಿಯ ಕಷ್ಟವನ್ನು ಬಲ್ಲ ನೆರೆಯ ಶಿಕ್ಷಕರೊಡನೆ ನಡೆಸುವ ಮುಖಾಮುಖಿ ಸಮಾಲೋಚನೆಗೆ ಅದು ಪೂರಕವೇ ಹೊರತು ಪರ್ಯಾಯವಲ್ಲ.